ಪರದೆಯ ಮೇಲೆ ಬಾಕಿ ಸೊನ್ನೆ

ಹಾಸಿಗೆ ಅಂಗಡಿಯಿಂದ,
ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಯಾರಿಗೂ ಏನೂ ಆಗಿಲ್ಲ. ಅಪ್ಪನ ಕೈಬರಹದ ಲಕೋಟೆ ನೋಡಿ ಎದೆ ಧಸಕ್ ಎಂದಿದ್ದರೆ ಒಂದು ಲೋಟ ನೀರು ಕುಡಿದು ಮುಂದೆ ಓದು. ನನಗೆ ಯಾರಾದರೂ ಕಾಗದ ಬರೆದಿದ್ದರೆ ಒಡೆಯುವ ಮೊದಲೇ ಅತ್ತುಬಿಡುತ್ತಿದ್ದೆ. ಮಳೆ ಬರುವ ಮುಂಚೆ ನೆನೆಯುವ ಮನುಷ್ಯ ಎಂದು ನಿನ್ನಮ್ಮ ನನ್ನನ್ನು ಸುಮ್ಮನೆ ಆಡಿಕೊಳ್ಳುವುದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ‘ಎಲ್ಲ ಚೆನ್ನಾಗಿದೆ ಅಪ್ಪಾ, ಇಡ್ಲಾ?’ ಎನ್ನುತ್ತೀಯ, ನಾನು ‘ಹೂಂ, ಇಡು’ ಎನ್ನುತ್ತೇನೆ, ಹೇಳಬೇಕಾದ ಮಾತು ಹಾಗೇ ಉಳಿಯುತ್ತದೆ. ಕಾಗದವನ್ನು ಹಾಗೆ ನಡುವೆ ಕಡಿಯಲು ಆಗುವುದಿಲ್ಲ. ನಾನು ಐದನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವನು, ಮತ್ತೆ ಸೇರಿ ಆರನೆಯದನ್ನೂ ಅರ್ಧಕ್ಕೆ ಬಿಟ್ಟವನು. ಎರಡು ಅರ್ಧ ಸೇರಿದರೆ ಯಾವಾಗಲೂ ಒಂದಾಗುವುದಿಲ್ಲ ಎನ್ನುವ ಗಣಿತ ಕಲಿತದ್ದು ಅಲ್ಲೇ. ತಪ್ಪಿದ್ದಲ್ಲಿ ನೀನೇ ತಿದ್ದಿಕೊಂಡು ಓದು.

ಶುಕ್ರವಾರ ಸಂಜೆ ನೀನು ಫೋನ್ ಮಾಡಿ, ಕಂಪನಿಯವರು ಬಂದರು, ಆಯುಕ್ತರು ಬಂದರು, ಕಾರ್ಯಕ್ರಮ ಮುಗಿಯಿತು, ಏನೂ ಆಗಲಿಲ್ಲ ಎಂದೆಯಲ್ಲ, ಅದು ಸುಳ್ಳು. ಸುಳ್ಳು ಎಂದು ನನಗೆ ಹೇಗೆ ಗೊತ್ತೆಂದರೆ ನಾನು ಅಲ್ಲೇ ಇದ್ದೆ. ನಿಮ್ಮ ಪಿಂಚಣಿ ಕಚೇರಿಯ ಹಾಲ್‌ನಲ್ಲಿ, ಕಂಬದ ಪಕ್ಕದ ಬೆಂಚಿನ ಮೇಲೆ ತಲೆಗೆ ಟವೆಲು ಸುತ್ತಿಕೊಂಡು ಒಬ್ಬ ಮುದುಕ ಕೂತಿದ್ದ. ಅವನೇ ನಿನ್ನಪ್ಪ.

ಬೈಯಬೇಡ. ಹಿಂದಿನ ದಿನ ನೀನು ಹೇಳಿದ ಮಾತಿನಿಂದ ನನಗೆ ಊಟ ಸೇರಲಿಲ್ಲ. ಲೋಕದಲ್ಲೆಲ್ಲ ಹೆಸರು ಮಾಡಿದ ಕಂಪನಿ ನಿಮ್ಮ ಕಚೇರಿಗೆ ಹೊಸ ಸಾಫ್ಟ್‌ವೇರ್ ಮಾಡಿಕೊಟ್ಟಿದೆ, ಕೌಂಟರುಗಳ ಮೇಲ್ವಿಚಾರಕಿ ಅಂತ ನೀನು ‘ಕೆಲಸ ಪೂರ್ತಿಯಾಗಿದೆ’ ಎಂದು ಸಹಿ ಹಾಕಬೇಕು, ನಿನಗೆ ಹಾಕಲು ಮನಸ್ಸಿಲ್ಲ. ಪಿಂಚಣಿ ತೆಗೆದುಕೊಳ್ಳುತ್ತಿದ್ದವರು ತೀರಿಕೊಂಡರೆ ಅದನ್ನು ಹೆಂಡತಿಯ ಹೆಸರಿಗೆ ಮಾಡಬೇಕಲ್ಲ, ಅದಕ್ಕೆ ಒಂದು ಒಟಿಪಿ ಬರುತ್ತದೆ, ಆ ಒಟಿಪಿ ಹೋಗುವುದು ತೀರಿಕೊಂಡವರ ಫೋನಿಗೆ! ‘ಈಗ ನಮ್ಮ ಕೌಂಟರಿನವರು ಸಮಾಧಾನ ಹೇಳೋಕೆ ಮುಂಚೆ ಸಿಮ್ ಬಿಸಾಕಬೇಡಿ ಅಂತ ಹೇಳ್ತಾರಪ್ಪಾ’ ಎಂದು ನಕ್ಕೆ. ನನಗೆ ನಗು ಬರಲಿಲ್ಲ. ನೀರಲ್ಲಿದ್ದುಕೊಂಡು ಮೊಸಳೆ ಜೊತೆ ದ್ವೇಷ ಬೇಡ ಮಗಳೇ, ಒಂದು ಸಹಿ ತಾನೇ, ಗೀಚಿ ಬಿಸಾಕು ಎಂದೆ. ನೀನು ‘ನೋಡ್ತೀನಪ್ಪಾ’ ಎಂದು ಫೋನ್ ಇಟ್ಟೆ. ನೀನು ಹಾಗೆ ಅಂದಾಗಲೇ ನನಗೆ ಹೆಚ್ಚು ಭಯ. ಕೆಲಸ ಹೋದರೆ? ಎಲ್ಲಿಗಾದರೂ ಎತ್ತಿ ಹಾಕಿದರೆ? ಬೆಳಗಿನ ಮೊದಲ ಬಸ್ಸು ಹಿಡಿದೆ, ಕೈ ಹಿಡಿದು ಸಹಿ ಹಾಕಿಸಿಯೇ ಬರುತ್ತೇನೆ ಎಂದುಕೊಂಡು.

ಬಂದು ನೋಡಿದರೆ ಹಾಲ್ ಮದುಮಗಳ ಹಾಗೆ ಸಿಂಗಾರಗೊಂಡಿದೆ. ನೆಲ ಒರೆಸಿದ್ದಾರೆ, ಗೋಡೆಯ ಮೇಲೆ ದೊಡ್ಡ ಪರದೆ, ಅದರಲ್ಲಿ ಹಸಿರು ಅಕ್ಷರದಲ್ಲಿ ‘ಬಾಕಿ ಅರ್ಜಿ: ಸೊನ್ನೆ’. ನನ್ನ ಪಕ್ಕ ಒಬ್ಬ ಹೆಂಗಸು, ತೀರಿಕೊಂಡ ಬಸ್ ಡ್ರೈವರೊಬ್ಬರ ಹೆಂಡತಿ, ಕೂತಕೂಡಲೇ ನನ್ನನ್ನು ವಿಚಾರಿಸಿದರು.

‘ನಿಮ್ಮನೇಲಿ ಯಾರು ಹೋದ್ರಣ್ಣಾ?’

ನಾನು ಗಾಬರಿಯಲ್ಲಿ, ‘ಯಾರೂ ಇಲ್ಲಮ್ಮ, ಸುಮ್ನೆ ಬಂದೆ’ ಎಂದೆ.

‘ಸುಮ್ನೆ ಬರೋ ಜಾಗಾನಾ ಇದು? ಅಲೆದೂ ಅಲೆದೂ ನನ್ನ ಚಪ್ಪಲೀನೇ ಪಿಂಚಣಿ ಕೇಳ್ತಿದೆ’ ಎಂದರು. ಮೇಲಿನ ಪರದೆ ಸೊನ್ನೆ ಎನ್ನುತ್ತಿದೆ, ಕೆಳಗಿನ ಬೆಂಚಿನಲ್ಲಿ ಕೂರಲು ಜಾಗವಿಲ್ಲ. ನನ್ನ ಮಂದಬುದ್ಧಿಗೂ ಏನೋ ಸರಿಯಿಲ್ಲ ಅನಿಸಿತು.

ಆಮೇಲೆ ಕಂಪನಿಯವರು ಆಟ ತೋರಿಸಿದರು. ಅವರದೇ ಒಬ್ಬ ಹುಡುಗಿ ಗಂಡ ಸತ್ತವಳಂತೆ ಕೂತಳು. ಸತ್ತ ಗಂಡನ ಫೋನು ಅವರದೇ ಇನ್ನೊಬ್ಬನ ಕೈಯಲ್ಲಿ. ಟಿಣ್ ಎಂದಿತು, ಒಟಿಪಿ ಬಂತು, ಎರಡು ನಿಮಿಷಕ್ಕೆ ಪಿಂಚಣಿ ಮಂಜೂರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸುಳ್ಳೇಕೆ, ನಾನೂ ತಟ್ಟಿದೆ. ಆಯುಕ್ತರು ಕಾಗದವನ್ನು ನಿನ್ನ ಕಡೆ ಸರಿಸಿ ಪೆನ್ನಿನ ಮುಚ್ಚಳ ತಾವೇ ತೆಗೆದುಕೊಟ್ಟರು. ಹಾಕವ್ವಾ ತಾಯಿ, ಹಾಕು, ಎಂದು ನಾನು ಕಂಬ ಹಿಡಿದುಕೊಂಡೆ.

ನೀನು ಪೆನ್ನು ಕೆಳಗಿಟ್ಟೆ. ‘ಸರ್, ಬೆಂಚಿನ ಮೇಲೆ ಕೂತವರಲ್ಲಿ ಒಬ್ಬರದ್ದು ನೋಡೋಣ’ ಎಂದು ತಿರುಗಿ ಕರೆದೆಯಲ್ಲ, ಕರೆದದ್ದು ನನ್ನ ಪಕ್ಕದವರನ್ನೇ! ನಾನು ಟವೆಲನ್ನು ಮೂಗಿನವರೆಗೆ ಎಳೆದುಕೊಂಡೆ.

ಮುಂದಿನದು ನಿನಗೆ ಗೊತ್ತು, ಆದರೂ ಬರೆಯುತ್ತೇನೆ, ಬರೆಯಲು ಖುಷಿಯಾಗುತ್ತಿದೆ. ಒಟಿಪಿ ಹೋಯಿತು. ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಆ ನಂಬರು ಯಾವತ್ತೋ ನಿಂತುಹೋಯಿತು ಎಂದರು ಆಕೆ. ಕಂಪನಿಯ ದೊಡ್ಡವರು, ಆ ಹೊಳೆಯುವ ಬೂಟಿನವರು, ಸಿಮ್ ಮನೆಯವರ ಹತ್ತಿರವೇ ಎಲ್ಲೋ ಇರುತ್ತದೆ ಎಂದರು. ಆಯುಕ್ತರು, ಹಾಗಾದರೆ ಫೋನ್ ಹಚ್ಚಿ ಎಂದರು. ಹಚ್ಚಿದರು. ಆ ನಂಬರನ್ನು ಈಗ ಬೇರೆ ಯಾರಿಗೋ ಕೊಟ್ಟಿದ್ದಾರೆ, ಯಾವನೋ ಹುಡುಗ ಎತ್ತಿದ. ನಿಮ್ಮ ಹೆಂಡತಿಯ ವಿಧವಾ ಪಿಂಚಣಿಗೆ ಒಟಿಪಿ ಬಂದಿದೆ, ಹೇಳಿ ಎಂದರೆ, ‘ರೀ, ನನಗಿನ್ನೂ ಮದುವೇನೇ ಆಗಿಲ್ಲ, ಆಗ್ಲೇ ನನ್ನ ಸಾಯಿಸಿಬಿಟ್ರಾ? ಹುಡುಗಿ ಯಾರು ಅಂತನಾದ್ರೂ ಹೇಳ್ರಿ!’ ಎಂದ. ಇಡೀ ಹಾಲ್ ನಕ್ಕಿತು. ಡ್ರೈವರನ ಹೆಂಡತಿಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ನಗುತ್ತಲೇ ಕಣ್ಣು ಒರೆಸಿಕೊಂಡರು.

ನಗದೆ ಇದ್ದವಳು ನೀನೊಬ್ಬಳೇ. ಆಗ ನೀನು ಆಡಿದ ಮಾತನ್ನು ಬಸ್ಸಿನಲ್ಲಿ ಬಾಯಿಪಾಠ ಮಾಡಿಕೊಂಡು ಬಂದೆ. ‘ಸರ್, ಮುಂಚೆ ಕಾಗದ ಕಳೆದುಹೋಗ್ತಿತ್ತು, ಈಗ ಹೋಗಲ್ಲ. ದೂರದ ಊರಿನವರು ಒಂದು ನಕಲಿಗೋಸ್ಕರ ಇಲ್ಲಿಗೆ ಬರ್ಬೇಕಾಗಿಲ್ಲ. ಅದು ಇವರ ಉಪಕಾರ, ಇಲ್ಲ ಅನ್ನಲ್ಲ. ಆದ್ರೆ ಒಟಿಪಿ ಬರದವರ ಅರ್ಜಿ ಒಳಗೇ ಹೋಗಲ್ಲ. ಒಳಗೆ ಹೋಗದ್ದನ್ನ ಮೆಷಿನ್ನು ಎಣಿಸಲ್ಲ. ಅದಕ್ಕೇ ಬಾಕಿ ಸೊನ್ನೆ. ಇವರು ಬಟನ್ ಒತ್ತಿದಾಗಿಂದ ಹೊತ್ತು ಎಣಿಸ್ತಾರೆ, ನಾನು ಈಯಮ್ಮ ಮನೆ ಬಿಟ್ಟಾಗಿಂದ ಎಣಿಸ್ತೀನಿ.’

ಬೂಟಿನವರಿಗೆ ಕೋಪ ಬಂತು. ನಿಮ್ಮ ಇಲಾಖೆ ಏನು ಬರೆದುಕೊಟ್ಟಿತ್ತೋ ಅದನ್ನೇ ಮಾಡಿದ್ದೇವೆ, ಬದಲಾಯಿಸಬೇಕಾದರೆ ಅದು ಬೇರೆ ಕೆಲಸ, ಬೇರೆ ಒಪ್ಪಂದ ಎಂದರು. ನೀನು ಅದನ್ನೂ ಒಪ್ಪಿಕೊಂಡೆ. ‘ನಿಜ ಸರ್, ಬರೆದುಕೊಟ್ಟದ್ದು ನಮ್ಮವರೇ. ಬರೆಯೋ ದಿನ ನಿಮ್ಮವರು ಕೌಂಟರ್ ಕಡೆ ಬರಲಿಲ್ಲ, ನಮ್ಮವರು ಕೌಂಟರಿನವರನ್ನ ಕರೀಲಿಲ್ಲ. ತಪ್ಪು ಇಬ್ಬರದೂ ಇದೆ. ಆದ್ರೆ ಮುಗಿದಿದೆ ಅಂತ ನಾನು ಸಹಿ ಹಾಕಲ್ಲ.’

ಗುಬ್ಬೀ, ನೀನು ವೇದಿಕೆಯ ಕಡೆ ಮುಖ ಮಾಡಿ ನಿಂತಿದ್ದೆ. ಎದುರಿಗಿದ್ದವರಿಗೆ ನಿನ್ನ ಮುಖ ಕಂಡಿತು. ನನಗೆ ಕಂಡದ್ದು ಬೆನ್ನ ಹಿಂದೆ ಕಟ್ಟಿಕೊಂಡಿದ್ದ ನಿನ್ನ ಕೈ. ಗಡಗಡ ನಡುಗುತ್ತಿತ್ತು. ಕೈ ಹಾಗೆ ನಡುಗುತ್ತಿದ್ದರೂ ಮಾತು ಒಂದು ಎಳೆಯೂ ಅಲುಗಲಿಲ್ಲ. ಆ ನಡುಕ ನನ್ನ ಕಡೆಯಿಂದ ಬಂದದ್ದು, ಅದರಲ್ಲಿ ಸಂಶಯವಿಲ್ಲ. ಸಹಿ ಹಾಕಿಸಲು ಬಂದವನು ಕಂಬದ ಪಕ್ಕ ಕೂತು, ಹಾಕಬೇಡ ಕಣೇ, ಹಾಕಬೇಡ, ಎಂದು ಬಾಯೊಳಗೇ ಅಂದುಕೊಳ್ಳುತ್ತಿದ್ದೆ.

ನನಗೆ ಕಂಪ್ಯೂಟರ್ ಗೊತ್ತಿಲ್ಲ, ಹಾಸಿಗೆ ಗೊತ್ತು. ಕೆಲವರು ಬಂದು, ಹತ್ತಿ ಹಾಗೇ ಇರಲಿ, ಮೇಲೆ ಒಳ್ಳೇ ಬಟ್ಟೆ ಹೊಲಿದುಕೊಡಿ ಸಾಕು ಎನ್ನುತ್ತಾರೆ. ಹೊಲಿದುಕೊಡುತ್ತೇನೆ. ನೋಡಲು ಹೊಸದು, ಮಲಗಿದರೆ ಅದೇ ಗಂಟು. ಬಟ್ಟೆ ಬಿಚ್ಚಿ ಹತ್ತಿ ಹಿಂಜದೆ ಗಂಟು ಹೋಗುವುದಿಲ್ಲ. ಹಿಂಜಿದರೆ ಧೂಳು ಏಳುತ್ತದೆ, ಎಲ್ಲರೂ ಕೆಮ್ಮುತ್ತಾರೆ, ಬೈಯುತ್ತಾರೆ. ಮೊನ್ನೆ ನೀನು ಎಬ್ಬಿಸಿದ್ದು ಆ ಧೂಳು.

ಹೋಗುವಾಗ ಆಯುಕ್ತರು, ಯಾಕೆ ಸಹಿ ಹಾಕುವುದಿಲ್ಲ ಎಂದು ಬುಧವಾರದೊಳಗೆ ಬರೆದು ಕೊಡಿ ಎಂದದ್ದೂ ಕೇಳಿಸಿತು. ನಿನ್ನ ಜೊತೆಯವರು ನೆಲ ನೋಡುತ್ತಾ ಚದುರಿದ್ದೂ ಕಂಡಿತು. ನೀನು ಮಾತ್ರ ಆ ಹೆಂಗಸನ್ನು ಕೌಂಟರಿಗೆ ಕರೆದುಕೊಂಡು ಹೋಗಿ ಹಳೆಯ ರೀತಿಯಲ್ಲೇ ಅರ್ಜಿ ಬರೆಸಿಕೊಂಡೆ. ನನಗೆ ಎದ್ದು ಬಂದು ತಲೆ ಸವರಬೇಕು ಅನಿಸಿತು. ಬಂದಿದ್ದರೆ ಅಲ್ಲೇ ಅತ್ತು ನಿನ್ನ ಮರ್ಯಾದೆ ಕಳೆಯುತ್ತಿದ್ದೆ. ಅದಕ್ಕೆ ಹಿಂದಿನ ಬಾಗಿಲಿನಿಂದ ಜಾರಿಕೊಂಡೆ.

ಈಗ ನೀನು ವಿವರಣೆ ಬರೆಯಲು ಕೂತಿರುತ್ತೀಯ. ಮೊನ್ನೆ ಬಾಯಲ್ಲಿ ಹೇಳಿದ್ದನ್ನೇ ಬರೆ. ನಮ್ಮನ್ನು ನೆನೆಸಿಕೊಂಡು ಒಂದು ಅಕ್ಷರವನ್ನೂ ಮೆತ್ತಗೆ ಮಾಡಬೇಡ. ಬೇರೆ ಊರಿಗೆ ಹಾಕಿದರೆ ಹಾಕಲಿ, ಜನ ಮಲಗದ ಊರು ಯಾವುದೂ ಇಲ್ಲ, ನಾನೂ ಹಾಸಿಗೆ ಹೊಲಿಯುವ ದಬ್ಬಳ ತೆಗೆದುಕೊಂಡು ಹಿಂದೆಯೇ ಬರುತ್ತೇನೆ. ಹೆದರುವ ಕೆಲಸವನ್ನು ನನಗೆ ಬಿಡು. ಅದರಲ್ಲಿ ನನ್ನಷ್ಟು ಅನುಭವ ಯಾರಿಗೂ ಇಲ್ಲ.

ಎದೆ ಹೊಡೆದುಕೊಳ್ಳುತ್ತಲೇ ಹೆಮ್ಮೆಪಡುತ್ತಿರುವ,
ನಿನ್ನ ಅಪ್ಪ

ಮರೆತಿದ್ದೆ: ಅಮ್ಮನಿಗೆ ನಾನು ಹತ್ತಿ ತರಲು ಹೋಗುತ್ತೇನೆಂದು ಹೇಳಿ ಬಂದಿದ್ದೆ. ಅವಳು ತಂಗಿಯ ಮನೆಗೆ ಹೋಗುತ್ತೇನೆ ಎಂದಿದ್ದಳು. ವಾಪಸ್ಸು ಬಂದು ಬಸ್ಸಿಳಿದರೆ, ಅದೇ ಬಸ್ಸಿನ ಮುಂದಿನ ಬಾಗಿಲಿನಿಂದ ಅವಳೂ ಇಳಿಯುತ್ತಿದ್ದಾಳೆ. ‘ಹತ್ತಿ ಸಿಕ್ತಾ?’ ಎಂದಳು. ‘ತಂಗಿ ಹೇಗಿದಾಳೆ?’ ಎಂದೆ. ಮನೆಗೆ ನಡೆದೆವು. ಬೀಗ ತೆಗೆಯುವಾಗ, ‘ನೋಡಿದ್ರಾ ಹೆಂಗೆ ನಿಂತಿದ್ಲು?’ ಎಂದಳು. ನಿಮ್ಮ ಕಚೇರಿಯ ಕ್ಯಾಂಟೀನಿನ ಕಿಟಕಿಯಿಂದ ಎಲ್ಲ ನೋಡಿದ್ದಾಳೆ. ನೀನು ಬರೆಯುವ ವಿವರಣೆಯಲ್ಲಿ ‘ಕ್ಷಮಿಸಿ’ ಎನ್ನುವ ಮಾತು ಒಂದು ಸಲವೂ ಬರಕೂಡದಂತೆ. ನಾನು ಎರಡು ಸಲ ಹಾಕು ಎನ್ನುವವನಿದ್ದೆ. ಅವಳ ಮಾತೇ ಕೇಳು.