ಇಡ್ಲಿ ಪಾತ್ರೆಯ ಹಬೆ

ರಾಮಮೂರ್ತಿ ನಗರ
14 ಸೆಪ್ಟೆಂಬರ್ 2025

ಶ್ವೇತ,

ಎಲೆ ಸುಳ್ಳು ಹೇಳಲ್ಲ ಅಂದಿದ್ದೆಯೋ, ಎಲೆಗೆ ಸುಳ್ಳು ಹೇಳೋಕೆ ಬರಲ್ಲ ಅಂದಿದ್ದೆಯೋ, ಸರಿಯಾಗಿ ನೆನಪಿಲ್ಲ. ವಿಚಾರಣೆ ಮುಗಿಸಿ ಹೊರಬಂದಾಗ ಕಾಲೇಜಿನ ಮೆಟ್ಟಿಲ ಮೇಲೆ ಅಂದ ಮಾತು. ಹದಿನೈದು ವರ್ಷ ಬಿಟ್ಟು ಬರೆಯುತ್ತಿದ್ದೇನೆ. ಚೆನ್ನಾಗಿದ್ದೀಯಾ ಎಂದು ಕೇಳುವ ಸಲಿಗೆ ಉಳಿದಿದೆಯೋ ಇಲ್ಲವೋ. ತಡವಾದದ್ದಕ್ಕೆ ಕ್ಷಮಿಸು. ನಿನ್ನ ನಂಬರನ್ನು ನಿಮ್ಮಮ್ಮ ಕೊಟ್ಟರು. ಎರಡು ಸಲ ಒತ್ತಿ, ರಿಂಗಾಗುವ ಮೊದಲೇ ಇಟ್ಟೆ.

ನೀನು ಗೆದ್ದಿದ್ದೀಯ. ಅದನ್ನು ಮೊದಲು ಹೇಳಿಬಿಡುತ್ತೇನೆ.

ನುಗ್ಗೆ ಎಲೆಯಿಂದ ನೀನು ತೆಗೆದ ಆ ಔಷಧೀಯ ಸಂಯುಕ್ತ ಮತ್ತೆ ಯಾರ ಕೈಗೂ ಅಷ್ಟು ಸಿಗಲಿಲ್ಲ. ಸಾಕ್ಷಿಗಳನ್ನು ನಿಲ್ಲಿಸಿಕೊಂಡು, ಕಾಲೇಜಿನ ಮರದ ಎಲೆ ಕೀಳಿಸಿ, ನೆರಳಲ್ಲಿ ಒಣಗಿಸಿ, ನಿನ್ನಿಂದಲೇ ಮಾಡಿಸಿದಾಗ ನಿನಗೂ ಸಿಗಲಿಲ್ಲ. ಕಂಪ್ಯೂಟರ್ ಕೆಟ್ಟು ದಾಖಲೆ ಹೋಗಿತ್ತು. ಅಚ್ಚಾಗಿದ್ದ ಒಂದೇ ಗ್ರಾಫ್ ಹಾಳೆ ಕಳೆದಿತ್ತು. ಅಂಕಿ ಹೊಸೆದವಳು ಎಂದು ನಿನ್ನನ್ನು ಹೊರಗೆ ಕಳಿಸಿದರು. ಹೊಸಕೋಟೆಯ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೀಯ ಎಂದು ಆಮೇಲೆ ಕೇಳಿದೆ.

ಜುಲೈನಲ್ಲಿ ಹಲಸೂರಿಗೆ ಹೋದೆ, ನೀನು ಮೊದಲು ಎಲೆ ತಂದಿದ್ದ ನಿಮ್ಮ ಹಿತ್ತಲ ಮರದ ಎಲೆಯೇ ಬೇಕೆಂದು. ಆ ಮರದಲ್ಲೇ ಏನೋ ವಿಶೇಷವಿರಬೇಕು ಎಂಬುದು ನನ್ನ ತರ್ಕ. ಕೊಂಬೆಗೆ ಕೈಚಾಚಿದ್ದೇ ತಡ, ನಿಮ್ಮಮ್ಮ ಅಡುಗೆಮನೆಯಿಂದ ಕೂಗಿದರು.

“ಏಯ್ ಯಮುನಾ, ಹಂಗೇ ಕೈ ಹಾಕ್ಬೇಡ್ವೇ! ಕಂಬಳಿಹುಳ ತುಂಬ್ಕೊಂಡೈತೆ. ತಡಿ, ಇಡ್ಲಿ ಪಾತ್ರೇಲಿ ಒಂದು ಹಬೆ ತೋರ್ಸಿ, ಒಣಗಿಸಿ ಕೊಡ್ತೀನಿ.”

“ಹಬೆಯಾ?”

“ಇನ್ನೇನು, ತುರಿಸ್ಕೊಂತಾ ಕೂರ್ತೀಯಾ? ಅವತ್ತು ಶ್ವೇತಂಗೂ ಹಂಗೇ ಮಾಡಿ ಕೊಟ್ಟಿದ್ದೆ. ಅವ್ಳಿಗೆ ಹೇಳ್ಲಿಲ್ಲ ಅಷ್ಟೆ. ಹೇಳಿದ್ರೆ, ನನ್ನ ಕಾಲೇಜು ಸೊಪ್ಪನ್ನ ಬೇಯಿಸಾಕ್ಬಿಟ್ಟೆ ಅಂತ ಮೇಲೇ ಬೀಳ್ತಿರ್ಲಿಲ್ವಾ?”

ಖಾಲಿ ಚೀಲ ಹಿಡಿದು ನಿಂತುಬಿಟ್ಟೆ. ಕಿತ್ತ ಎಲೆಯೊಳಗೆ ಕಿಣ್ವಗಳು ಸುಮ್ಮನಿರುವುದಿಲ್ಲ; ಎಲೆ ಬಾಡುತ್ತಿರುವಾಗಲೇ ನಾವು ಹುಡುಕುವುದನ್ನು ಒಡೆದುಹಾಕುತ್ತವೆ. ಹಬೆ ತಗುಲಿದರೆ ಅವುಗಳ ಆಟ ಅಲ್ಲಿಗೇ ಮುಗಿಯಿತು. ಪುಸ್ತಕದಲ್ಲಿ ಓದಿದ್ದೆ, ಪಾಠ ಕೂಡ ಮಾಡಿದ್ದೆ.

ಒಂದೇ ಮರದ ಎಲೆ, ಎರಡು ಪಾಲು. ಒಂದಕ್ಕೆ ಹಬೆ, ಇನ್ನೊಂದಕ್ಕೆ ಬರೀ ನೆರಳು. ಪುಡಿ ಮಾಡಿ, ಸಾರ ತೆಗೆದು, ಸೋಸಿ, ಯಂತ್ರಕ್ಕೆ ಕೊಟ್ಟೆ. ನೆರಳಿನದ್ದು ಚಪ್ಪಟೆ ಗೆರೆ. ಹಬೆಯದ್ದು ಪರದೆಯ ಮೇಲೆ ಎದ್ದಿತು ನೋಡು, ನೆಟ್ಟಗೆ. ನಾಲ್ಕನೇ ಸಲ ಹಾಕಲು ಹೇಳಿದಾಗ ಯಂತ್ರ ನೋಡಿಕೊಳ್ಳುವ ಪರ್ವೀನ್ ನಕ್ಕಳು: “ಮೇಡಂ, ಮೆಷಿನ್ ಸರಿ ಇದೆ. ನಿಮ್ಮನ್ನೇ ರಿಪೇರಿಗೆ ಕೊಡ್ಬೇಕು.” ಅದನ್ನು ಅಚ್ಚು ಹಾಕಿಸಿ, ನಿನ್ನ ಹಳೆಯ ಗ್ರಾಫನ್ನು ಅದರ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ಎರಡು ಶಿಖರ, ಒಂದೇ ಎತ್ತರ.

ಸೋಮವಾರ ಅದೇ ವಿಚಾರಣೆಯ ಕೊಠಡಿಯಲ್ಲಿ ಎರಡೂ ಹಾಳೆ ತೋರಿಸಿದೆ. ಹಳೆಯದು ಎಲ್ಲಿ ಸಿಕ್ಕಿತೆಂದು ಯಾರೂ ಕೇಳಲಿಲ್ಲ. ಗೆಲುವಿನ ದಿನ ಅಂಥದ್ದನ್ನು ಯಾರು ಕೇಳುತ್ತಾರೆ. ನಿಮ್ಮಮ್ಮನನ್ನೂ ಕರೆಸಿದ್ದೆ. ಇಡ್ಲಿ ಪಾತ್ರೆಯನ್ನು ಮೇಜಿನ ಮೇಲಿಟ್ಟು, “ಇದೇ ಸಾರ್ ನಮ್ಮ ಮಿಷಿನ್ನು” ಅಂದರು. ಪರ್ವೀನ್ ಮೊದಲು ಚಪ್ಪಾಳೆ ತಟ್ಟಿದಳು, ಆಮೇಲೆ ಎಲ್ಲರೂ. ಹಳೆಯ ವರದಿಯನ್ನು ರದ್ದು ಮಾಡಿ ಪ್ರಾಂಶುಪಾಲರು ಸಹಿ ಹಾಕಿದರು, ಪ್ರತಿ ಜೊತೆಗಿದೆ. ಇದರ ಬಗ್ಗೆ ಬರೆದ ಸಂಶೋಧನಾ ಲೇಖನದಲ್ಲಿ ಮೊದಲ ಹೆಸರು ನಿನ್ನದು, ಕೊನೆಯದು ನಿಮ್ಮಮ್ಮನದು, ಮುನಿಲಕ್ಷ್ಮಮ್ಮ ಎಂದು. ನಾನೇ ಬರೆದು ಹೇಳುತ್ತೇನೆ, ಅಲ್ಲಿಯವರೆಗೆ ಸುಮ್ಮನಿರಿ ಎಂದು ಅವರನ್ನು ಬೇಡಿಕೊಂಡಿದ್ದೇನೆ.

ನಿನ್ನ ಮಕ್ಕಳಿಗೆ ಈ ಕಾಗದ ತೋರಿಸು. ನೀನು ನಗುತ್ತಾ ಇರು, ಅಷ್ಟೇ ನನ್ನ ಹಾರೈಕೆ.

ಯಮುನಾ

ಮರೆತದ್ದು: ಮಗಳಿಗೆ ಹೇಳದೆ ಹಬೆ ಕೊಟ್ಟದ್ದೇ ಎಲ್ಲಕ್ಕೂ ಕಾರಣ ಎಂದು ನಿಮ್ಮಮ್ಮ ಬರುವಾಗ ಆಟೋದಲ್ಲಿ ಅತ್ತರು. ಅವರ ತಪ್ಪಲ್ಲ. ಆ ಗ್ರಾಫ್ ಕಳೆದಿರಲಿಲ್ಲ. ಪ್ರಿಂಟರಿನಿಂದ ತೆಗೆದವಳು ನಾನು. ನೋಡಿದ್ದೀರಾ ಎಂದು ವಿಚಾರಣೆಯಲ್ಲಿ ಕೇಳಿದಾಗ ಇಲ್ಲ ಎಂದವಳೂ ನಾನೇ. ನಮ್ಮಿಬ್ಬರಿಗೂ ಸೇರಿ ಖಾಯಂ ಹುದ್ದೆ ಒಂದೇ ಇತ್ತು. ಹಾಳೆ ತೆಗೆದ ಆ ಸಂಜೆ ಕೆ.ಆರ್. ಪುರದಿಂದ ಬಸ್ಸಿನಲ್ಲಿ ಸೀಟು ಸಿಕ್ಕಿದ್ದು ನಿನಗೆ. ನಿಂತಿದ್ದ ನನ್ನ ಚೀಲವನ್ನು ನೀನೇ ಕೇಳಿ ಈಸಿಕೊಂಡು, ಹಲಸೂರಿನವರೆಗೂ ತೊಡೆಯ ಮೇಲಿಟ್ಟುಕೊಂಡಿದ್ದೆ. ಹಾಳೆ ಅದರೊಳಗಿತ್ತು. ಜಿಪ್ ಅರ್ಧ ತೆರೆದಿತ್ತು. ನೀನು ನೋಡಿದ್ದೆಯಾ, ಶ್ವೇತ?