ಒಂದೇ ಕೊಳವೆಯಲ್ಲಿ ಕಾಯಿಸಿದ ಎರಡು ಹರಳು

ಕೂಡ್ಲಿಗಿ ಶೀತನಗರ
ಶೀತಶಕ ೨೧೯, ಅಧಿಕ ಕಾರ್ತಿಕ, ಮೂವತ್ತಮೂರನೆಯ ದಿನ

ನಮ್ಮ ಮುಂದೆ ಹುಟ್ಟುವವರಿಗೆ,

ನಿಮ್ಮ ಕಾಲಕ್ಕೆ ಕನ್ನಡ ಎಷ್ಟು ತಿರುಗಿರುತ್ತದೋ ನಾನರಿಯೆ. ನನ್ನ ಮಾತು ಮುದುಕಿಯ ಗೊಣಗಾಟದಂತೆ ಕೇಳಿಸಿದರೆ ಮನ್ನಿಸಿ. ಅದು ಗೊಣಗಾಟವೇ. ಸಿಹಿ ಮಾತು ಬೇಕಿದ್ದರೆ ನಮ್ಮೂರ ಯಜಮಾನ ಗುರುಶಾಂತಪ್ಪನವರ ಭಾಷಣ ಓದಿಕೊಳ್ಳಿ, ಬೇಕಾದಷ್ಟು ಕಾಪಿಟ್ಟಿದ್ದಾರೆ.

ನಮ್ಮಲ್ಲಿ ಕೂಸಿನ ಹೆಸರನ್ನು ಕಾಗದದಲ್ಲಿ ಬರೆಯುವುದಿಲ್ಲ, ಹರಳಿನಲ್ಲಿ ಬರೆಯುತ್ತಾರೆ. ಹೆಸರುಹರಳು ಅನ್ನುತ್ತೇವೆ. ಅದು ಸ್ಟ್ರಾಂಷಿಯಂ, ಟೈಟೇನಿಯಂ, ಆಮ್ಲಜನಕ ಕೂಡಿ ಆದ ಕಡಲೆಬೇಳೆ ಗಾತ್ರದ ಪೆರೋವ್‌ಸ್ಕೈಟ್ ಹರಳು. ಅದರೊಳಗೆ ಆರಾರು ಆಮ್ಲಜನಕದ ನಡುವೆ ಒಂದೊಂದು ಟೈಟೇನಿಯಂ ಕೂತಿರುತ್ತದೆ. ತಣ್ಣಗೆ ಮಾಡುತ್ತ ಹೋದರೆ ಅದು ಒಂದು ಮಗ್ಗುಲಿಗೆ ವಾಲಬೇಕು. ವಾಲುವುದಿಲ್ಲ. ಸಾದಾ ಆಮ್ಲಜನಕ ಬಲು ಹಗುರ. ಎಂಥ ಚಳಿಯಲ್ಲೂ ಅದರ ನಡುಕ ನಿಲ್ಲದು. ಅದನ್ನು ತೆಗೆದು ಭಾರದ ಆಮ್ಲಜನಕ ತುಂಬಿದರೆ ನಡುಕ ತಗ್ಗುತ್ತದೆ. ಅದೂ ಆಮ್ಲಜನಕವೇ, ಒಡಲಲ್ಲಿ ಎರಡು ನ್ಯೂಟ್ರಾನು ಹೆಚ್ಚು, ಅಷ್ಟೇ. ಮೂರರಲ್ಲಿ ಒಂದು ಪಾಲು ದಾಟಿ ಬದಲಾಯಿತೋ, ಕಡುಚಳಿಯಲ್ಲಿ ಇಡೀ ಹರಳು ವಾಲಿ, ಒಳಗಿನ ವಿದ್ಯುತ್ತು ಒಂದು ಕಡೆಗೆ ತಿರುಗಿ ನಿಲ್ಲುತ್ತದೆ. ಆ ತಿರುವನ್ನು ಅಲ್ಲಲ್ಲಿ ಮಗುಚಿ ಅಕ್ಷರ ಮೂಡಿಸುತ್ತಾರೆ. ಬೆಚ್ಚಗಾದರೆ ಬರೆದದ್ದೆಲ್ಲ ಅಳಿಸಿಹೋಗುವುದರಿಂದ ಹರಳುಗಳನ್ನು ಊರ ಶೀತಮನೆಯಲ್ಲೇ ಇಡುತ್ತಾರೆ. ಇದನ್ನು ಮೊದಲು ಕಂಡವರು ಬರೀ ತಿಳಿಯುವ ಆಸೆಗೆ ಹುಡುಕಿದರಂತೆ. ಪುಣ್ಯವಂತರು. ನಾವು ಅದರಿಂದ ಮನುಷ್ಯರನ್ನು ತೂಗುತ್ತೇವೆ. ಹರಳು ವಾಲದ ಕೂಸಿಗೆ ಹೆಸರಿಲ್ಲ, ಹೆಸರಿಲ್ಲದವರನ್ನು ದವಾಖಾನೆಯ ಹೊಸ್ತಿಲು ದಾಟಲು ಬಿಡುವುದಿಲ್ಲ.

ಭಾರದ ಆಮ್ಲಜನಕ ನಾವು ಕುಡಿಯುವ ನೀರಿನಲ್ಲೇ ಇದೆ, ಉಪ್ಪಿನಕಾಯಿಗೆ ಹಾಕಿದ ಇಂಗಿನಷ್ಟು. ಪ್ರತಿ ಮನೆಯ ಹಿತ್ತಲಲ್ಲೂ ಬಟ್ಟಿಯಿಳಿಸುವ ಎತ್ತರದ ಕಂಬವಿರುತ್ತದೆ. ಹೆಂಗಸರು ಬೆಳಗಾದರೆ ಅದರ ಒಲೆ ನೋಡಬೇಕು, ಆಮೇಲೆ ರೊಟ್ಟಿ ಬಡಿಯಬೇಕು. ಹೀಗೆ ವರ್ಷಗಟ್ಟಲೆ ಬೇಯಿಸಿ, ಕೊನೆಗುಳಿದ ಭಾರದ ನೀರಿಗೆ ವಿದ್ಯುತ್ತು ಹಾಯಿಸಿ ಆಮ್ಲಜನಕ ಬಿಡಿಸಿದರೆ ಒಂದು ಚೀಲ ತುಂಬುತ್ತದೆ. ಅದಕ್ಕೆ ಮನೆ ಉಸಿರು ಎಂದು ಹೆಸರು. ಹೆರಿಗೆಯಾದ ಮೇಲೆ ಆ ಚೀಲವನ್ನು ಊರ ಭಟ್ಟಿಗೆ ಒಯ್ದು, ಗಾಜಿನ ಕೊಳವೆಯಲ್ಲಿ ಹರಳಿನೊಂದಿಗೆ ಮುಚ್ಚಿ ವಾರಗಟ್ಟಲೆ ಕೆಂಪಗೆ ಕಾಯಿಸುತ್ತಾರೆ. ಒಯ್ಯುವ ಮುಂಚೆ ಅಪ್ಪನಾದವನು ಚೀಲಕ್ಕೆ ಬಾಯಿಟ್ಟು ಒಂದು ಉಸಿರು ಊದಬೇಕು. ಅದು ಆಶೀರ್ವಾದ. ಒಂದು ಉಸಿರಿಗೆ ಏನೂ ಕೆಡುವುದಿಲ್ಲ.

ನನ್ನ ಅಳಿಯ ಕೊಟ್ರೇಶ ಒಂದಕ್ಕೆ ನಿಲ್ಲಲಿಲ್ಲ. ಎಷ್ಟೋ ವರ್ಷ ಕಾದು ಹುಟ್ಟಿದ ಮಗಳು. ಸುತ್ತ ನಿಂತವರು ಚಪ್ಪಾಳೆ ಹೊಡೆದು, "ಇನ್ನೊಂದು ಊದೋ, ಗಟ್ಯಾಗಿ ಊದು, ಮಗಳು ಗಟ್ಟಿ ಆಗ್ಲಿ" ಅಂದರು. ಪೆದ್ದ, ನಕ್ಕೋತ ನಕ್ಕೋತ ಚೀಲ ಬಿರಿಯುವಂತೆ ಊದಿದ. ಸಾದಾ ಗಾಳಿಯೆಲ್ಲ ಬೆರೆಯಿತು. ಹರಳಿನಲ್ಲಿ ಕಾಲುಪಾಲಷ್ಟೇ ಬದಲಾಯಿತು, ವಾಲಲಿಲ್ಲ. ಕೂಸಿನ ಎದೆಗುಂಡಿಗೆಯಲ್ಲಿ ತೂತಿತ್ತು. ವರ್ಷ ತುಂಬುವುದರೊಳಗೆ ಕೊಯ್ದು ಹೊಲಿಯದಿದ್ದರೆ ಉಳಿಯದು. ಇನ್ನೊಂದು ಚೀಲ ತುಂಬಲು ಅಷ್ಟು ಕಾಲ ಎಲ್ಲಿತ್ತು? ಚಪ್ಪಾಳೆ ಹೊಡೆದವರೇ "ಕೂಸಿನ ಹಣೇಬರ" ಅಂದು ಕೈತೊಳೆದುಕೊಂಡರು. ಥೂ, ಅವರ ಹಣೆಬರಹಕ್ಕೆ ಬೆಂಕಿ ಹಾಕ.

ನಾನು ಊರ ಯಜಮಾನರ ಬಳಿ ಹೋದೆ. ನನ್ನ ಹರಳಿನಲ್ಲಿ ಭಾರದ್ದು ತುಂಬಿತುಳುಕುತ್ತಿದೆ, ಎರಡನ್ನೂ ಒಂದೇ ಕೊಳವೆಯಲ್ಲಿ ಕಾಯಿಸಿದರೆ ಹಂಚಿಕೊಂಡು ಎರಡೂ ವಾಲುತ್ತವೆ, ಎಂದೆ. ಅವರು ಕಿವಿ ಮುಚ್ಚಿಕೊಂಡರು. "ನೀನು ತಾಯಿಕಡೀಯಾಕಿ. ಬೇರೆ ಮನಿ ಉಸ್ರು ಕೂಡ್ಸಿದ್ರ ಕುಲ ಕೆಡ್ತೈತವ್ವ." ಆಮ್ಲಜನಕಕ್ಕೆ ಕುಲವಂತೆ! ಇವತ್ತು ಅವರು ಬಿಟ್ಟ ಉಸಿರನ್ನೇ ನಾಳೆ ನಾನು ಎಳೆದುಕೊಳ್ಳುವುದು. ಕೂಸಿನ ಅಪ್ಪನ ಕಡೆಯವರ ಹರಳು ಕೇಳಿದೆ. ಕಾಯಿಸಿದರೆ ತಮ್ಮ ಹೆಸರು ಅಳಿಯುತ್ತದೆಂದು ಒಬ್ಬರೂ ಕೊಡಲಿಲ್ಲ.

ಶೀತಮನೆಯಲ್ಲಿ ಹರಳು ಬರೆಯುವ ತಿಪ್ಪಮ್ಮ ನನ್ನದನ್ನು ಹೊರಗೆ ತಂದುಕೊಟ್ಟಳು. ನಾನೂ ನನ್ನ ಮಗಳೂ ಬಳೆಗಾರರ ಭಟ್ಟಿಯಲ್ಲಿ ಎರಡನ್ನೂ ಒಂದೇ ಕೊಳವೆಗೆ ಹಾಕಿ ಕಾಯಿಸಿದೆವು. ವಾಲದ ಹರಳುಗಳನ್ನು ಇನ್ನೊಮ್ಮೆ ನೋಡುವ ಹಬ್ಬದ ದಿನ ಊರೆಲ್ಲ ನೋಡುತ್ತಿದ್ದಂತೆ ಮೊಮ್ಮಗಳ ಹರಳನ್ನು ಚಳಿಗಿಟ್ಟರು. ವಾಲಿತು. ವಾಲಿದ ಹರಳಿಗೆ ಹೆಸರು ಕೊಡಲೇಬೇಕೆಂದು ಕಟ್ಟಳೆಯಿದೆ. ಯಜಮಾನರು ಹಲ್ಲು ಕಚ್ಚಿಕೊಂಡು "ಹಾಲವ್ವ" ಎಂದು ಬರೆಸಿದರು. ದವಾಖಾನೆಯಲ್ಲಿ ಅವಳ ಗುಂಡಿಗೆ ಹೊಲಿದರು. ಈಗ ಮನೆಯಲ್ಲಿ ಒಂದು ಬಟ್ಟಲನ್ನೂ ನೆಟ್ಟಗೆ ಇರಗೊಡುವುದಿಲ್ಲ ರಾಕ್ಷಸಿ. ಕೊಟ್ರೇಶ ಮಾತ್ರ ಇವತ್ತಿಗೂ ತೊಟ್ಟಿಲ ಬಳಿ ಬಂದರೆ ಮುಖ ಆಚೆ ತಿರುಗಿಸಿ ಉಸಿರು ಬಿಡುತ್ತಾನೆ. ಎಷ್ಟು ಬೈದರೂ ಕೇಳುವುದಿಲ್ಲ.

ನನ್ನ ಹರಳೂ ವಾಲಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡನಲ್ಲ! ಒಮ್ಮೆ ಅಳಿದ ಹೆಸರು ಸತ್ತವರ ಹೆಸರಂತೆ, ಎರಡನೆಯ ಸಲ ಬರೆಯುವುದಿಲ್ಲವಂತೆ. ಹಾಗಾಗಿ ನಾನು ಸತ್ತಿದ್ದೇನೆ. ಸತ್ತವಳಿಗೆ ಮಂಡಿನೋವಿನ ಗುಳಿಗೆ ಕೊಡುವುದಿಲ್ಲ, ರೊಟ್ಟಿ ಬಡಿಯುವ ಕೆಲಸ ಮಾತ್ರ ತಪ್ಪಿಲ್ಲ. ನನ್ನ ಹರಳಿನಲ್ಲಿ ಹೆಸರಿನ ಜಾಗ ಖಾಲಿಯಿದೆ. ಅಲ್ಲಿ ತಿಪ್ಪಮ್ಮ ಈ ಓಲೆಯನ್ನು ಕದ್ದು ಬರೆಯುತ್ತಿದ್ದಾಳೆ, ಬರೆದು ಸತ್ತವರ ಕಪಾಟಿನಲ್ಲಿ ಇಡುತ್ತಾಳೆ.

ನಿಮ್ಮ ಬುದ್ಧಿ ನನಗೆ ಗೊತ್ತು, ನೀವೂ ನಮ್ಮ ಹೊಟ್ಟೆಯಿಂದಲೇ ಬಂದವರು. ಇದನ್ನು ಓದಿ ಕಣ್ಣೊರೆಸಿಕೊಳ್ಳುತ್ತೀರಿ, ಗಾಜಿನ ಪೆಟ್ಟಿಗೆಯಲ್ಲಿಟ್ಟು ವರ್ಷಕ್ಕೊಮ್ಮೆ ಹಾರ ಹಾಕುತ್ತೀರಿ, ಹೊರಗೆ ಬಾಗಿಲಲ್ಲಿ ಹೆಸರಿಲ್ಲದ ಕೂಸೊಂದು ಅಳುತ್ತಿರುತ್ತದೆ. ಹಾರ ಬೇಡ. ಈ ಹರಳಿನಲ್ಲಿ ಭಾರದ್ದು ಇನ್ನೂ ಅರ್ಧಕ್ಕಿಂತ ಹೆಚ್ಚು ಉಳಿದಿದೆ. ಓದಿ ಮುಗಿಸಿದಿರಲ್ಲ, ಇನ್ನು ಇದನ್ನು ಆ ಕೂಸಿನ ಹರಳಿನ ಜೊತೆ ಕೊಳವೆಗೆ ಹಾಕಿ ಕಾಯಿಸಿಬಿಡಿ.