ಮೂರನೆಯ ಕಾಗದದ ಮೇಲೆ ಬೀಳದ ಬೆರಳು

ಮಣಿನಗರ, ಅಹಮದಾಬಾದ್
9 ಫೆಬ್ರವರಿ 2025, ಭಾನುವಾರ

ಚಿರಂಜೀವಿ ಅನಿರುದ್ಧನಿಗೆ,

ನಿನ್ನ ಚಿಕ್ಕಪ್ಪ ಬರೆಯುವುದು. ಆರೋಗ್ಯವೇ? ಮುಖ್ಯವಾಗಿ, ಬಲಗೈಯ ತೋರುಬೆರಳು ಹೇಗುಂಟು? ನಾನು ಮಣಿನಗರದ ಹೋಟೆಲಿನ ಪಾಲು ನಿನಗೆ ಬಿಟ್ಟುಕೊಟ್ಟ ಕಾಗದಕ್ಕೆ ಐದೇ ನಿಮಿಷದಲ್ಲಿ ಸಹಿ ಒತ್ತಿದ ಬೆರಳು ಅದು. ನನ್ನ ತಂಗಿ, ನಿನ್ನ ನಾಗವೇಣಿ ಅತ್ತೆ, ಬದುಕಿರುವಷ್ಟು ದಿನ ಹೋಟೆಲಿನ ಮೇಲಿನ ಎರಡು ಕೋಣೆಯಲ್ಲಿ ಇರಬಹುದು ಎಂಬ ಕಾಗದದ ಮೇಲೆ ಮಾತ್ರ ಹನ್ನೆರಡು ದಿನವಾದರೂ ಬೀಳುವುದಿಲ್ಲ. ಉಳುಕಿದ್ದರೆ ಹೇಳು, ಎಣ್ಣೆ ಕಳಿಸುತ್ತೇನೆ. ನೀನು ಫೋನು ಎತ್ತುವುದಿಲ್ಲ, ಅದಕ್ಕೆ ಈ ಕಾಗದ. ಸೂರತ್ತಿನಲ್ಲಿ ಹುಟ್ಟಿದ ನಿನಗೆ ಕನ್ನಡ ಓದಲು ಬಾರದು ಎಂದು ಗೊತ್ತಿದ್ದೇ ಕನ್ನಡದಲ್ಲಿ ಬರೆದದ್ದು. ನಿನ್ನ ಅಮ್ಮ ಗಟ್ಟಿಯಾಗಿ ಓದಿ ಹೇಳಲಿ. ಅತ್ತಿಗೆ, ಇಲ್ಲಿ ಸ್ವಲ್ಪ ನಿಲ್ಲಿಸಿ ಮಗನ ಮುಖ ಒಮ್ಮೆ ನೋಡಿ, ಆಮೇಲೆ ಮುಂದೆ ಓದಿ.

ತಪ್ಪಿನಲ್ಲಿ ನನ್ನ ಪಾಲೂ ಉಂಟು, ಅದನ್ನು ನಾನೇ ಹೇಳಿಬಿಡುತ್ತೇನೆ, ನೀನು ಹೇಳುವುದು ಬೇಡ. ಕಾಗದ ಮೂರು: ನನ್ನ ಪಾಲಿನದು, ಮಳಿಗೆಯ ಬಾಡಿಗೆ ಕರಾರು ನಿನ್ನ ಹೆಸರಿಗೆ ಹೋಗುವುದು, ಅತ್ತೆಯ ಕೋಣೆಯದು. ಸಹಿ ಮೂವರದು, ಫೋನಿಗೆ ಬರುವ ಲಿಂಕಿನಲ್ಲಿ; ಒಬ್ಬರು ಒತ್ತಿದ ಮೇಲೆಯೇ ಕಾಗದ ಸಾಲಿನಲ್ಲಿ ಮುಂದಿನವರಿಗೆ ಹೋಗುವುದು. ಮೊದಲು ನೀನು ಹಾಕಿಸಿದ ಸಾಲಿನಲ್ಲಿ ನೀನು ಒಂದು, ಅತ್ತೆ ಎರಡು, ನಾನು ಮೂರು. ನಾನು ಬೊಬ್ಬೆ ಹೊಡೆದೆ. ಹೊಡೆಯದೆ ಮತ್ತೆ? ನಮ್ಮ ಮನೆಯಲ್ಲಿ ಹಿರಿಯನ ಕೈ ಬೀಳದೆ ಯಾವ ಕಾಗದಕ್ಕೂ ಕಿರಿಯನ ಕೈ ಬಿದ್ದದ್ದಿಲ್ಲ. ನಿನ್ನ ಅಪ್ಪ ಕೇಶವಣ್ಣ ಪೆನ್ನು ತೆರೆದರೆ ನಾನು ಎದ್ದು ನಿಲ್ಲುತ್ತಿದ್ದೆ. ನೀನು ಎಷ್ಟು ವಿನಯದಿಂದ "ಸಾರಿ ಕಾಕಾ, ಈಗಲೇ ಬದಲಿಸುತ್ತೇನೆ" ಎಂದೆ! ಸಂಜೆಯೊಳಗೆ ನಾನು ಒಂದು, ನೀನು ಮೂರು. ಮಣಿನಗರ ಸ್ಟೇಷನ್ನಿನ ಎದುರು ಇರುವ ಅರ್ಧ ಅಂಗಡಿಯವರಿಗೆ ಫೋನು ತೋರಿಸಿ ಬಂದೆ, ನೋಡಿ ನಂಬರ್ ಒನ್ ಅಂತ. ಊರಿನ ಶಾಲೆಯಲ್ಲಿ ಆರನೆಯದಕ್ಕೆ ಬಿಟ್ಟವನು ನಾನು, ಆದರೂ ಗಾಜಿನ ಮೇಲೆ ಬೆರಳಿನಿಂದ ಗೀಚಿದ ಸಹಿ ನಿನ್ನ ಬಿ.ಕಾಂ. ಸಹಿಗಿಂತ ಚಂದ ಬಂತು. ಮೂರಕ್ಕೂ ಒಂದೇ ಉಸಿರಿನಲ್ಲಿ ಒತ್ತಿದೆ.

ಮೊನ್ನೆ ವಡೋದರಾಕ್ಕೆ ಹೋಗಿ, ಕಾಗದ ತಯಾರು ಮಾಡಿದ ಹರೀಶನ ಎದುರು ಕುಳಿತೆ. ಮೂರನ್ನೂ ಒಂದೇ ಕಟ್ಟಿನಲ್ಲಿ ಕಳಿಸಿದ್ದರೆ ನಿನಗೆ ಬೇಕಾದ್ದಕ್ಕೆ ಒತ್ತಿ ಬೇಡದ್ದನ್ನು ಬಿಡಲು ಆಗುತ್ತಿರಲಿಲ್ಲವಂತೆ. ಬಿಡಿಬಿಡಿಯಾಗಿ ಕಳಿಸಿ ಎಂದವನು ನೀನಂತೆ. ಹೋಗಲಿ, ಕೊನೆಯ ನಂಬರು ನನ್ನದೇ ಇದ್ದಿದ್ದರೆ, ಅತ್ತೆಯ ಕಾಗದ ನಿನ್ನ ಸಹಿಯೊಂದಿಗೆ ನನ್ನ ಹತ್ತಿರ ಬರುವವರೆಗೆ ಉಳಿದೆರಡನ್ನು ನಾನು ಮುಟ್ಟುತ್ತಿರಲಿಲ್ಲ. "ಆ ನಂಬರು ಬೇಡ ಎಂದು ಜಗಳ ಮಾಡಿದ್ದು ನೀವೇ ಅಲ್ವಾ ಸ್ವಾಮಿ" ಎಂದು ಹರೀಶ ಹಲ್ಲು ಬಿಟ್ಟ. ಅವನ ಹಲ್ಲಿನ ಲೆಕ್ಕ ಆಮೇಲೆ ನೋಡಿಕೊಳ್ಳುತ್ತೇನೆ. ನನಗೆ ತಿಳಿಯಬೇಕಾದ್ದು ಒಂದೇ: ಇದು ನೀನು ಮೊದಲೇ ಹೂಡಿದ್ದೋ, ನನ್ನ ಬೊಬ್ಬೆ ಕೇಳಿದ ಮೇಲೆ ಹೊಳೆದದ್ದೋ? ಎರಡನೆಯದಾದರೆ ನೀನು ಇನ್ನೂ ದೊಡ್ಡ ಕಳ್ಳ, ಮಾರಾಯ.

ನಿನ್ನೆ ನೀನು ಕಳಿಸಿದ ಇಬ್ಬರು ಟೇಪು ಹಿಡಿದುಕೊಂಡು ಬಂದು ಅತ್ತೆಯ ಕೋಣೆಯನ್ನೂ ಅಳೆದರು. ಮೇಲೆ ಏಸಿ ಹಾಲ್ ಅಂತೆ. ಅವರು ಅವಳ ದೇವರ ಮಂಟಪ ಸರಿಸಿ ಗೋಡೆಗೆ ಪೆನ್ಸಿಲಿನ ಗೆರೆ ಎಳೆದರು. ಅವಳು ಅವರಿಗೆ ಚಾ ಮಾಡಿ ಕೊಟ್ಟಳು. ಗಂಡ ಹೋದ ಮೇಲೆ ಇಪ್ಪತ್ತು ವರ್ಷ ಈ ಹೋಟೆಲಿನ ಹಿಟ್ಟು ರುಬ್ಬಿಸಿದವಳು ಅವಳು. ಸೂರತ್ತಿನ ಉಧ್ನಾದ ನಿನ್ನ ಫ್ಲಾಟಿನಲ್ಲಿ ಬಂದಿರಲಿ ಎಂದೆಯಂತೆ. ಆ ಫ್ಲಾಟಿನಲ್ಲಿ ಹೆಂಡತಿಯ ಬೈಗುಳವಿಲ್ಲದೆ ಕುಳಿತುಕೊಳ್ಳಲು ನಿನಗೇ ಜಾಗವಿಲ್ಲ.

ಆಶೀರ್ವಾದ ಎಂದು ಬರೆಯಲು ಈಗ ಕೈ ಬರುವುದಿಲ್ಲ. ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಮುದ್ದು. ನಿನಗೆ ಸದ್ಯಕ್ಕೆ ಏನೂ ಇಲ್ಲ.

ನಿನ್ನ ಚಿಕ್ಕಪ್ಪ,
ರಘುರಾಮ

ತಾ.ಕ.: ಅಂಚೆಗೆ ಹೊರಟವನನ್ನು ನಾಗವೇಣಿ ಬಾಗಿಲಲ್ಲಿ ತಡೆದಳು. ಬಾಡಿಗೆ ಕರಾರಿಗೆ ಅವಳು ಇನ್ನೂ ಒತ್ತಿಲ್ಲವಂತೆ! ಅದೂ ಹೋಯಿತು ಎಂದೇ ನಾನು ತಿಳಿದಿದ್ದೆ. ಅವಳ ಗಂಡ ಹಿಡಿದ ಮಳಿಗೆ, ಕರಾರು ಇರುವುದು ಅವಳ ಹೆಸರಿನಲ್ಲಿ, ಸಾಲಿನಲ್ಲಿ ನಿನಗಿಂತ ಮುಂದೆ ಇರುವುದೂ ಅವಳೇ. ಮುದುಕಿಗೆ ಒತ್ತಲು ತಿಳಿಯಲಿಲ್ಲ ಎಂದು ನೀನು ಮೂರು ಸಲ ಲಿಂಕು ಕಳಿಸಿದೆಯಂತೆ. ಅವಳಿಗೆ ತಿಳಿದಿದೆ. ಉಳಿದೆರಡಕ್ಕೆ ಅವತ್ತೇ ಒತ್ತಿದ್ದಾಳೆ. ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಅವನು ಕೋಣೆಯದಕ್ಕೆ ಒತ್ತಲಿ, ನಾನು ಮಳಿಗೆಯದಕ್ಕೆ ಒತ್ತುತ್ತೇನೆ. ನನಗೇನೂ ಅವಸರವಿಲ್ಲ."